ದಾಂಪತ್ಯಕ್ಕೆ ಸಾಕ್ಷಿ ಕೇಳುವ ಕಾಲ

ಕೆಲವು ವರ್ಷಗಳಿಂದ ಶ್ರೀಮಠದ ಕಾರ್ಯಾಲಯಕ್ಕೆ ಹೊಸ ಬಗೆಯ ಕೋರಿಕೆಯೊಂದು ಬರತೊಡಗಿದೆ. ಮಠದಲ್ಲಿ ವಿವಾಹವಾದ ವಧೂವರರ ವಿದೇಶ ವೀಸಾ ಅರ್ಜಿಗೆ ಪತ್ರ ಬೇಕೆಂಬುದೇ ಆ ಕೋರಿಕೆ. ಈಚೆಗೆ ಹಿರಿಯ ಭಕ್ತರೊಬ್ಬರು ಬಂದಿದ್ದರು. ಆಸ್ಟ್ರೇಲಿಯಾದಲ್ಲಿ ನೆಲೆಸಿರುವ ಅಳಿಯನ ಬಳಿಗೆ ಮಗಳನ್ನು ಕಳುಹಿಸಬೇಕಾಗಿದೆ. ಮದುವೆಯಾಗಿ ನಾಲ್ಕೇ ತಿಂಗಳಾದ ಕಾರಣ, ನಿಶ್ಚಿತಾರ್ಥವು ವರ್ಷದ ಹಿಂದೆಯೇ ನಡೆದಿತ್ತೆಂದು ಬರೆದುಕೊಡಬೇಕೆಂದು ಕೇಳಿಕೊಂಡರು. ಆಗದೆಂದು ವಿನಯದಿಂದ ಹೇಳಬೇಕಾಯಿತು. ಅವರು ನೊಂದುಕೊಂಡೇ ಹೋದರು. ಆ ಪತ್ರವು ಅಸತ್ಯವಾಗಿದ್ದುದಷ್ಟೇ ಅಲ್ಲ, ಅನಗತ್ಯವೂ ಆಗಿತ್ತೆಂಬುದನ್ನು ಎಲ್ಲ ಭಕ್ತರಿಗೂ ತಿಳಿಸುವುದು ಈ ಲೇಖನದ ಉದ್ದೇಶ.

ಆಸ್ಟ್ರೇಲಿಯಾದ ನಿಯಮದಂತೆ ಹನ್ನೆರಡು ತಿಂಗಳ ಸಂಬಂಧವನ್ನು ಸಾಮಾನ್ಯವಾಗಿ ತೋರಿಸಬೇಕಾದವರು ವಿವಾಹವಾಗದೆ ಸಹಜೀವನ ನಡೆಸುವ ಜೋಡಿಗಳು. ಕಾನೂನುಬದ್ಧವಾಗಿ ವಿವಾಹವಾದವರಿಗೆ ಈ ಷರತ್ತಿಲ್ಲ. ಅವರು ತೋರಿಸಬೇಕಾದುದು ಸಂಬಂಧದ ನೈಜತೆಯನ್ನು ಮತ್ತು ಅದರ ಮುಂದುವರಿಕೆಯನ್ನು. ಅಲ್ಲಿನ 1994ರ ವಲಸೆ ನಿಯಮಗಳು ಇದಕ್ಕೆ ನಾಲ್ಕು ಮುಖಗಳನ್ನು ಗುರುತಿಸಿವೆ: ಹಣಕಾಸಿನ ಹಂಚಿಕೆ, ಮನೆವಾರ್ತೆಯ ಸ್ವರೂಪ, ಬಂಧುಬಳಗ ಹಾಗೂ ಸಮಾಜದ ಮನ್ನಣೆ, ಮತ್ತು ಪರಸ್ಪರ ಬದ್ಧತೆ. ವೀಸಾಕ್ಕಾಗಿ ಕಾಯುತ್ತಾ ದಂಪತಿಗಳು ಬೇರೆ ಬೇರೆ ದೇಶಗಳಲ್ಲಿರುವುದೇ ದೋಷವಲ್ಲ; ಶಾಶ್ವತವಾಗಿ ಅಗಲಿ ಬಾಳುತ್ತಿರಬಾರದೆಂಬುದು ನಿಯಮದ ಆಶಯ.

ಹಿರಿಯರು ನೋಡಿ ನಿಶ್ಚಯಿಸುವ ನಮ್ಮ ವಿವಾಹಗಳು ವಿದೇಶೀ ಅಧಿಕಾರಿಗಳಿಗೆ ಸುಲಭವಾಗಿ ಅರ್ಥವಾಗುವುದಿಲ್ಲ ಎಂಬ ಆತಂಕಕ್ಕೆ ಚರಿತ್ರೆಯ ಆಧಾರವಿದೆ. ಮದುವೆಯ ಮುಖ್ಯ ಉದ್ದೇಶವು ಆ ದೇಶದಲ್ಲಿ ನೆಲೆಸುವುದಲ್ಲವೆಂದು ಅರ್ಜಿದಾರರೇ ಸಾಧಿಸಿ ತೋರಿಸಬೇಕೆಂಬ ನಿಯಮವೊಂದು ಬ್ರಿಟನ್ನಿನಲ್ಲಿತ್ತು. ಭಾರತ ಉಪಖಂಡದ ಕುಟುಂಬಗಳಿಗೆ ಅದು ಬಹಳ ಸಂಕಟ ತಂದಿತು. 1997ರಲ್ಲಿ ಅದು ರದ್ದಾಯಿತು. ಮನಸ್ಸಿನ ಉದ್ದೇಶಕ್ಕೆ ಪುರಾವೆ ಕೇಳುವುದಕ್ಕಿಂತ ಬಾಳುವೆಯ ಕುರುಹುಗಳನ್ನು ಕೇಳುವುದು ಹೆಚ್ಚು ನ್ಯಾಯವಾದುದು.

ಆ ಕುರುಹುಗಳು ನಮ್ಮ ಮದುವೆಗಳಲ್ಲಿ ಕಡಿಮೆಯೇನಿಲ್ಲ. ಲಗ್ನಪತ್ರಿಕೆ, ಎರಡೂ ಮನೆಯವರು ಕೂಡಿರುವ ಛಾಯಾಚಿತ್ರಗಳು, ಪ್ರಯಾಣದ ಟಿಕೆಟ್ಟುಗಳು, ಪರಸ್ಪರ ಹಣ ಕಳುಹಿಸಿದ ಬ್ಯಾಂಕ್ ದಾಖಲೆ, ದೂರವಾಣಿ ಕರೆಗಳ ವಿವರ, ಇವೆಲ್ಲವೂ ಸಾಕ್ಷಿಗಳೇ. ಸಂಬಂಧ ಹೇಗೆ ಕೂಡಿಬಂತು, ಮೊದಲು ಯಾರು ಯಾರನ್ನು ಕಂಡರು, ಒಪ್ಪಿಗೆ ಹೇಗಾಯಿತು ಎಂಬುದನ್ನು ದಂಪತಿಗಳು ತಮ್ಮ ಮಾತಿನಲ್ಲೇ ಬರೆಯಬೇಕು. ಒಬ್ಬರನ್ನೊಬ್ಬರು ಎರಡೇ ಬಾರಿ ಕಂಡಿದ್ದರೆ ಎರಡೇ ಬಾರಿ ಎಂದು ಬರೆಯುವುದು ಲೇಸು. ದಂಪತಿಗಳನ್ನು ಬಲ್ಲವರು ಸಾಕ್ಷಿ ನುಡಿಯಲು 888ನೆಯ ಸಂಖ್ಯೆಯ ನಮೂನೆಯೊಂದಿದೆ. ಅದರಲ್ಲಿ ತಾವು ಕಂಡುದನ್ನಷ್ಟೇ ಬರೆಯಬೇಕು.

ಸುಳ್ಳು ದಾಖಲೆಯ ಫಲ ಕಠಿಣವಾದುದು. ಅದು ಪತ್ತೆಯಾದರೆ ಅರ್ಜಿ ತಿರಸ್ಕೃತವಾಗುವುದಲ್ಲದೆ, ಮೂರು ವರ್ಷಗಳವರೆಗೆ ಅನೇಕ ಬಗೆಯ ವೀಸಾಗಳೂ ದೊರೆಯದಂತಾಗಬಹುದು. ನಿಜವಾದ ದಾಂಪತ್ಯವೇ ಒಂದು ಸುಳ್ಳು ದಿನಾಂಕದಿಂದ ಅನುಮಾನಕ್ಕೆ ಈಡಾಗುತ್ತದೆ.

ಹೆಣ್ಣುಮಕ್ಕಳ ತಂದೆತಾಯಂದಿರು ಇನ್ನೊಂದು ಸಂಗತಿಯನ್ನು ಅರಿತಿರಬೇಕು. ಈ ವೀಸಾ ಎರಡು ಹಂತದ್ದು. ಮೊದಲು ತಾತ್ಕಾಲಿಕ, ಅರ್ಜಿ ಸಲ್ಲಿಸಿ ಸುಮಾರು ಎರಡು ವರ್ಷಗಳಾದ ಬಳಿಕ ಕಾಯಂ ವೀಸಾದ ಪರಿಶೀಲನೆ. ಈ ನಡುವೆ "ನಾನು ಕೈಬಿಟ್ಟರೆ ನಿನ್ನ ವೀಸಾ ಹೋಯಿತು" ಎಂದು ಬೆದರಿಸುವ ಗಂಡಂದಿರೂ ಇರಬಹುದು. ಆದರೆ ಕೌಟುಂಬಿಕ ಹಿಂಸೆಯಿಂದ ಸಂಬಂಧ ಮುರಿದರೆ, ಸಂಗಾತಿಯ ಬೆಂಬಲವಿಲ್ಲದೆಯೂ ಕಾಯಂ ವೀಸಾ ಪಡೆಯಲು ಅಲ್ಲಿನ ನಿಯಮಗಳಲ್ಲಿ ಅವಕಾಶವಿದೆ. ಆದುದರಿಂದ ಮಗಳ ಕಾಗದಪತ್ರಗಳ ಒಂದು ಪ್ರತಿ ಅವಳ ಕೈಯಲ್ಲೇ ಇರಲಿ.

1955ರ ಹಿಂದೂ ವಿವಾಹ ಕಾಯ್ದೆಯು ವೀರಶೈವರನ್ನೂ ಲಿಂಗಾಯತರನ್ನೂ ಹೆಸರಿಸಿಯೇ ತನ್ನ ವ್ಯಾಪ್ತಿಗೆ ಸೇರಿಸಿಕೊಂಡಿದೆ. ಅದರಡಿ ಉಪನೋಂದಣಾಧಿಕಾರಿಗಳಲ್ಲಿ ವಿವಾಹವನ್ನು ನೋಂದಾಯಿಸುವುದು ಮೊದಲ ಕರ್ತವ್ಯ. ಮಠದ ಪತ್ರವು ಅದಕ್ಕೆ ಬದಲಿಯಲ್ಲ, ಪೂರಕ ಮಾತ್ರ. ಮಠದ ವಿವಾಹ ಪುಸ್ತಕದಲ್ಲಿರುವ ದಿನಾಂಕವನ್ನು ಇರುವಂತೆಯೇ ಬರೆದುಕೊಡಲು ಕಾರ್ಯಾಲಯವು ಸದಾ ಸಿದ್ಧವಿದೆ. ಅಂದು ನೊಂದು ಹೋದ ಆ ತಂದೆಗೂ ಆ ಪತ್ರ ಕಾದಿದೆ. ನಾಲ್ಕು ತಿಂಗಳ ಸತ್ಯವು ಒಂದು ವರ್ಷದ ಸುಳ್ಳಿಗಿಂತ ಅವರ ಮಗಳನ್ನು ಹೆಚ್ಚು ಕಾಯುತ್ತದೆ.