ದುಡಿಯುವವರ ಎಂಬಿಎ: ಶುಲ್ಕಪಟ್ಟಿಯಲ್ಲಿ ಕಾಣದ ಬೆಲೆ

ಉದ್ಯೋಗ ಬಿಡದೆ ಎಂಬಿಎ ಪದವಿ ಪಡೆಯಿರಿ ಎಂಬ ಆಹ್ವಾನ ಬಾರದ ದಿನ ಬೆಂಗಳೂರಿನ ನೌಕರವರ್ಗದ ಪಾಲಿಗೆ ಈಗ ಅಪರೂಪವೆಂದೇ ಹೇಳಬೇಕು. ಒಂದು ಕಾಲಕ್ಕೆ ಪತ್ರಿಕೆಗಳ ಶಿಕ್ಷಣ ಪುರವಣಿಗೆ ಸೀಮಿತವಾಗಿದ್ದ ಈ ಜಾಹೀರಾತು ಮೊಬೈಲ್ ಪರದೆಗೆ ಬಂದು, ಅಲ್ಲಿಂದ ದೂರವಾಣಿ ಕರೆಯ ರೂಪ ತಾಳಿ ಮನೆಯೊಳಕ್ಕೂ ಪ್ರವೇಶಿಸಿದೆ. ವಾರಾಂತ್ಯದ ಎಂಬಿಎ, ಆನ್‌ಲೈನ್ ಎಂಬಿಎ, ಎಕ್ಸಿಕ್ಯೂಟಿವ್ ಎಂಬಿಎ, ಹನ್ನೊಂದು ತಿಂಗಳ ಪ್ರಮಾಣಪತ್ರ ಹೀಗೆ ಹೆಸರುಗಳು ಒಂದರ ನೆರಳಿನಂತೆ ಇನ್ನೊಂದಿದ್ದರೂ ಅವುಗಳ ಒಳಗಿನ ಸರಕು ಬೇರೆ ಬೇರೆ. ಶುಲ್ಕವೂ ಅಷ್ಟೇ: ಒಂದೆರಡು ಲಕ್ಷದಿಂದ ಮೊದಲ್ಗೊಂಡು ಮೂವತ್ತು ಲಕ್ಷವನ್ನು ದಾಟುವವರೆಗೆ. ಕೊಳ್ಳುವವರಾದರೋ ಮೂವತ್ತರಿಂದ ನಲವತ್ತರ ವಯೋಮಾನದವರು. ಮನೆಸಾಲದ ಕಂತು, ಮಕ್ಕಳ ಶಾಲೆ, ಕೈಗೆಟುಕಿಯೂ ಎಟುಕದಂತಿರುವ ಬಡ್ತಿ ಇವುಗಳ ನಡುವೆ ಸಿಲುಕಿರುವವರು. ಇಂಥವರು ಆಯ್ಕೆಯಲ್ಲಿ ಎಡವಿದರೆ ತುಂಬಿಕೊಳ್ಳಲು ಇಪ್ಪತ್ತರ ಹರೆಯದವರಿಗಿರುವಷ್ಟು ಕಾಲಾವಕಾಶ ಇರುವುದಿಲ್ಲ.

ದುಡಿಯುತ್ತಲೇ ಓದುವ ಹಂಬಲ ನಮ್ಮಲ್ಲಿ ಹೊಸದೇನಲ್ಲ. ಎಚ್‌ಎಎಲ್, ಐಟಿಐ, ಎಚ್‌ಎಂಟಿ ಕಾರ್ಖಾನೆಗಳ ನೌಕರರು ಪಾಳಿ ಮುಗಿಸಿ ಸಂಜೆ ಕಾಲೇಜುಗಳ ಮೆಟ್ಟಿಲು ಹತ್ತಿದ್ದನ್ನು ನನ್ನ ತಲೆಮಾರಿನವರು ಬಲ್ಲರು. ಮೈಸೂರು ವಿಶ್ವವಿದ್ಯಾಲಯ 1969ರಲ್ಲಿಯೇ ಅಂಚೆ ಶಿಕ್ಷಣ ಸಂಸ್ಥೆಯನ್ನು ತೆರೆಯಿತು. ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ 1987ರಲ್ಲಿ ಬೋಧನೆ ಆರಂಭಿಸಿದಾಗ ಅದು ನೀಡಿದ ಮೊದಲ ಎರಡು ಕೋರ್ಸುಗಳ ಪೈಕಿ ಮ್ಯಾನೇಜ್‌ಮೆಂಟ್ ಡಿಪ್ಲೊಮಾ ಒಂದಾಗಿತ್ತು. ಬೆಂಗಳೂರಿನ ಐಐಎಂ 1998ರಲ್ಲಿ ಸಾಫ್ಟ್‌ವೇರ್ ಉದ್ಯೋಗಿಗಳನ್ನು ಗಮನದಲ್ಲಿರಿಸಿಕೊಂಡು ಆರಂಭಿಸಿದ ಅರೆಕಾಲಿಕ ಕೋರ್ಸು ಮುಂದೆ ಹೆಸರು ಬದಲಿಸಿಕೊಂಡು ಎಲ್ಲ ಬಗೆಯ ಉದ್ದಿಮೆಗಳವರಿಗೂ ತೆರೆದುಕೊಂಡಿತು. ಅಮೆರಿಕದ ಷಿಕಾಗೊ ವಿಶ್ವವಿದ್ಯಾಲಯವಂತೂ 1943ರಷ್ಟು ಹಿಂದೆಯೇ ಅಧಿಕಾರಿಗಳಿಗಾಗಿ ಎಂಬಿಎ ತೆರೆದಿತ್ತು. ಹೊಸದಾಗಿರುವುದು ಮಾರುಕಟ್ಟೆಯ ಗಾತ್ರ ಮತ್ತು ಅದರ ಗದ್ದಲ.

ಈ ಮಾರುಕಟ್ಟೆಯಲ್ಲಿ ಮಾರುವವನಿಗೆ ತನ್ನ ಸರಕಿನ ಬಗ್ಗೆ ಎಲ್ಲವೂ ಗೊತ್ತು, ಕೊಳ್ಳುವವನಿಗೆ ಬಹಳ ಕಡಿಮೆ ಗೊತ್ತು. ಜಾರ್ಜ್ ಅಕರ್ಲಾಫ್ 1970ರಲ್ಲಿ ಹಳೆಯ ಕಾರುಗಳ ವ್ಯಾಪಾರವನ್ನು ನಿದರ್ಶನವಾಗಿಟ್ಟುಕೊಂಡು ವಿವರಿಸಿದ್ದು ಇದನ್ನೇ: ಗುಣಮಟ್ಟವನ್ನು ಮುಂಚಿತವಾಗಿ ಅಳೆಯಲಾಗದ ಕಡೆ ಒಳ್ಳೆಯ ಸರಕನ್ನು ಕಳಪೆ ಸರಕು ಹೊರದಬ್ಬುತ್ತದೆ. ಅವರೊಡನೆ 2001ರ ನೊಬೆಲ್ ಹಂಚಿಕೊಂಡ ಮೈಕೆಲ್ ಸ್ಪೆನ್ಸ್, ಪದವಿಯೆಂಬುದು ಉದ್ಯೋಗದಾತನಿಗೆ ಅಭ್ಯರ್ಥಿ ಕಳುಹಿಸುವ ಒಂದು ಸಂಕೇತವೆಂದು ವಾದಿಸಿದರು. ಪಡೆಯುವುದು ಕಷ್ಟವಾಗಿದ್ದರೆ ಮಾತ್ರ ಆ ಸಂಕೇತಕ್ಕೆ ಬೆಲೆ. ಪ್ರವೇಶ ಪರೀಕ್ಷೆಯಿಲ್ಲ, ಸಂದರ್ಶನವಿಲ್ಲ, ಹಣ ಕಟ್ಟಿದರೆ ಸೀಟು ಸಿದ್ಧ ಎನ್ನುವ ಕೋರ್ಸು ಅನುಕೂಲಕರವೆಂದು ನಮಗೆ ತೋರುತ್ತದೆ. ಆದರೆ ಅದೇ ಅನುಕೂಲ ಎಲ್ಲರಿಗೂ ಇದೆ ಎಂಬುದು ನಾಳೆ ನಮ್ಮ ಅರ್ಜಿಯನ್ನು ಓದುವ ಅಧಿಕಾರಿಗೂ ತಿಳಿದಿರುತ್ತದೆ.

ಮೊದಲು ಕೇಳಬೇಕಾದುದು ತೀರಾ ಸಾಮಾನ್ಯವೆನಿಸುವ ಪ್ರಶ್ನೆ. ಕೊನೆಗೆ ಕೈಗೆ ಬರುವ ಕಾಗದ ಯಾವುದು, ಅದಕ್ಕೆ ಸಹಿ ಹಾಕುವವರು ಯಾರು? ಐಐಎಂಗಳು ದಶಕಗಳ ಕಾಲ ಕೊಡುತ್ತಿದ್ದುದು ಸ್ನಾತಕೋತ್ತರ ಡಿಪ್ಲೊಮಾ. 2017ರ ಐಐಎಂ ಕಾಯ್ದೆ 2018ರ ಜನವರಿ 31ರಂದು ಜಾರಿಗೆ ಬಂದ ಮೇಲೆಯೇ ಅವು ಪದವಿ ನೀಡುವ ಅಧಿಕಾರ ಪಡೆದವು. ಅವುಗಳ ಹೆಸರಿನಲ್ಲಿಯೇ ನಡೆಯುವ ಅಲ್ಪಾವಧಿ ಪ್ರಮಾಣಪತ್ರ ಕೋರ್ಸುಗಳು ಪದವಿಯಲ್ಲ. ಈ ವ್ಯತ್ಯಾಸವನ್ನು ತೆರಿಗೆ ಇಲಾಖೆಯೂ ಗುರುತಿಸುತ್ತದೆ: ಐಐಎಂಗಳ ಒಂದು ವರ್ಷ ಅಥವಾ ಅದಕ್ಕೆ ಮೇಲ್ಪಟ್ಟ ಪದವಿ, ಡಿಪ್ಲೊಮಾಗಳಿಗೆ ಜಿಎಸ್‌ಟಿ ವಿನಾಯಿತಿಯಿದೆ, ಅದಕ್ಕಿಂತ ಕಡಿಮೆ ಅವಧಿಯ ತರಬೇತಿಗೆ ಶೇ 18ರ ತೆರಿಗೆ ಬೀಳುತ್ತದೆ. ಶುಲ್ಕದ ರಸೀದಿಯಲ್ಲಿ ಈ ತೆರಿಗೆ ಕಂಡರೆ ತಾವು ಕೊಳ್ಳುತ್ತಿರುವುದು ಏನೆಂದು ಇನ್ನೊಮ್ಮೆ ವಿಚಾರಿಸುವುದು ಕ್ಷೇಮ. ಪ್ರಮಾಣಪತ್ರ ಕೀಳೆಂದು ನಾನು ಹೇಳುತ್ತಿಲ್ಲ. ಹಣಕಾಸು ವಿಶ್ಲೇಷಣೆಯನ್ನೋ ಪೂರೈಕೆ ಸರಪಣಿಯನ್ನೋ ಕಲಿಯಬೇಕಾದ ಎಂಜಿನಿಯರನಿಗೆ ಆರು ತಿಂಗಳ ಒಳ್ಳೆಯ ಪ್ರಮಾಣಪತ್ರ ಸಾಕಾದೀತು. ಬಡ್ತಿಯ ನಿಯಮಾವಳಿಯಲ್ಲಿ ಸ್ನಾತಕೋತ್ತರ ಪದವಿಯೇ ಬೇಕೆಂದಿದ್ದರೆ ಮಾತ್ರ ಅದರಿಂದ ಉಪಯೋಗವಿಲ್ಲ.

ಮಾನ್ಯತೆಯ ಪ್ರಶ್ನೆಯನ್ನು ಲಘುವಾಗಿ ಕಂಡರೆ ಏನಾಗುತ್ತದೆಂಬುದಕ್ಕೆ ಕರ್ನಾಟಕದವರು ದೂರ ಹೋಗಬೇಕಿಲ್ಲ. ಅಂಚೆ ಶಿಕ್ಷಣದ ಆ ಹಳೆಯ ಬೇರಿನಿಂದ 1996ರಲ್ಲಿ ರೂಪುಗೊಂಡ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ ದುಡಿಯುವವರಿಗೆಂದೇ ಹುಟ್ಟಿದ ಸಂಸ್ಥೆ. ಅದು ತನ್ನ ವ್ಯಾಪ್ತಿಯಾಚೆ ಖಾಸಗಿ ಸಹಯೋಗಿಗಳ ಮೂಲಕ ಕೋರ್ಸುಗಳನ್ನು ನಡೆಸಿತೆಂಬ ಆಕ್ಷೇಪದ ಮೇಲೆ ಯುಜಿಸಿ 2015ರಲ್ಲಿ, 2013-14ರಿಂದಲೇ ಅನ್ವಯವಾಗುವಂತೆ ಮಾನ್ಯತೆಯಿಲ್ಲವೆಂದು ಪ್ರಕಟಿಸಿತು. ಮಾನ್ಯತೆ ಮರಳಿದ್ದು 2018ರಲ್ಲಿ. ನಡುವಿನ ಅವಧಿಯ ವಿದ್ಯಾರ್ಥಿಗಳು ಪಟ್ಟ ಪಾಡು ಈ ರಾಜ್ಯದ ಪತ್ರಿಕಾ ಓದುಗರಿಗೆ ತಿಳಿಯದ್ದಲ್ಲ. ಹಗಲು ದುಡಿದು ರಾತ್ರಿ ಓದಿದ ಗುಮಾಸ್ತನಿಗೆ, ಶಿಕ್ಷಕಿಗೆ ಪರೀಕ್ಷೆಯಲ್ಲಿ ತಾವು ಪಾಸಾದರೂ ತಮ್ಮ ವಿಶ್ವವಿದ್ಯಾಲಯ ಪಾಸಾಗಲಿಲ್ಲವೆಂಬುದು ಎಂಥ ಆಘಾತ! ಆ ಗೊಂದಲದಲ್ಲಿ ವಿದ್ಯಾರ್ಥಿಯ ತಪ್ಪೇನೂ ಇರಲಿಲ್ಲ, ನಷ್ಟದ ಬಹುಪಾಲು ಮಾತ್ರ ಅವನದೇ ಆಯಿತು.

ಇಂದು ಅದೇ ಅಪಾಯ ಬೇರೆ ವೇಷದಲ್ಲಿ ಬರುತ್ತಿದೆ. ತಂತ್ರಜ್ಞಾನ ಕಂಪನಿಗಳೊಂದಿಗೆ ಫ್ರಾಂಚೈಸಿ ಒಪ್ಪಂದ ಮಾಡಿಕೊಂಡು ದೂರಶಿಕ್ಷಣ, ಆನ್‌ಲೈನ್ ಪದವಿ ನೀಡುವಂತಿಲ್ಲವೆಂದು ಯುಜಿಸಿ ಮತ್ತು ಎಐಸಿಟಿಇ 2022ರ ಜನವರಿಯಲ್ಲಿ ಎಚ್ಚರಿಸಿದವು. 2024ರಲ್ಲಂತೂ 'ಹತ್ತು ದಿನದ ಎಂಬಿಎ' ಎಂಬ ಜಾಹೀರಾತಿಗೆ ಮರುಳಾಗಬೇಡಿರೆಂದು ಯುಜಿಸಿ ಸಾರ್ವಜನಿಕ ಪ್ರಕಟಣೆಯನ್ನೇ ಹೊರಡಿಸಬೇಕಾಯಿತು. (ಹತ್ತು ದಿನದಲ್ಲಿ ಉಪ್ಪಿನಕಾಯಿಯೂ ಸರಿಯಾಗಿ ಕಳಿಯುವುದಿಲ್ಲ.) ಆನ್‌ಲೈನ್ ಪದವಿಯನ್ನು ಸಾರಾಸಗಟಾಗಿ ತಳ್ಳಿಹಾಕುವುದೂ ತಪ್ಪು. ಯುಜಿಸಿಯ 2020ರ ನಿಯಮಾವಳಿಯಂತೆ ಅನುಮತಿ ಪಡೆದು ನಡೆಸುವ ಆನ್‌ಲೈನ್ ಪದವಿ, ತರಗತಿಯಲ್ಲಿ ಕುಳಿತು ಪಡೆದ ಪದವಿಗೆ ಸಮಾನ. ಅನುಮತಿ ಪಡೆದ ವಿಶ್ವವಿದ್ಯಾಲಯ, ಕೋರ್ಸುಗಳ ಪಟ್ಟಿ ಯುಜಿಸಿಯ ದೂರಶಿಕ್ಷಣ ಬ್ಯೂರೊ ಜಾಲತಾಣದಲ್ಲಿದೆ. ಇಂಥ ಕೋರ್ಸಿಗೆ ಸೇರುವವರು ಅಲ್ಲಿ ಗುರುತು ಸಂಖ್ಯೆ ಪಡೆಯುವುದು 2024ರಿಂದ ಕಡ್ಡಾಯವೂ ಆಗಿದೆ. ಅನುಮತಿ ಇಂಥ ವರ್ಷಕ್ಕೆ, ಇಂಥ ಕೋರ್ಸಿಗೆ ಎಂದು ಇರುವುದರಿಂದ ವಿಶ್ವವಿದ್ಯಾಲಯದ ಹೆಸರೊಂದನ್ನೇ ನೋಡಿ ತೃಪ್ತರಾಗಬಾರದು. ಮದುವೆಗೆ ಮುನ್ನ ಮನೆತನದ ಪೂರ್ವಾಪರವನ್ನೆಲ್ಲ ವಿಚಾರಿಸುವ ನಮ್ಮ ಜನ ಇದಕ್ಕಾಗಿ ಅರ್ಧ ಗಂಟೆ ವ್ಯಯಿಸುವುದಿಲ್ಲವೆಂಬುದು ನನಗೆ ಸೋಜಿಗ.

ಶುಲ್ಕಪಟ್ಟಿಯಲ್ಲಿ ಎಂದೂ ಮುದ್ರಿತವಾಗದ ಬೆಲೆಯೊಂದಿದೆ. ಅರ್ಥಶಾಸ್ತ್ರದ ಮೊದಲ ವರ್ಷದ ವಿದ್ಯಾರ್ಥಿಯೂ ಬಲ್ಲ ಅವಕಾಶ ವೆಚ್ಚವೇ ಅದು. ವೈಟ್‌ಫೀಲ್ಡ್‌ನಲ್ಲಿ ವಾಸಿಸುವ ಒಬ್ಬರು ಬನ್ನೇರುಘಟ್ಟ ರಸ್ತೆಯ ಕಡೆ ಎರಡು ವರ್ಷದ ವಾರಾಂತ್ಯ ಕೋರ್ಸಿಗೆ ಸೇರಿದರೆನ್ನೋಣ. ವಾರಕ್ಕೆ 8 ಗಂಟೆ ತರಗತಿ, ಹೋಗಿ ಬರಲು 3 ಗಂಟೆ, ಓದು ಮತ್ತು ಗುಂಪು ಕಾರ್ಯಗಳಿಗೆ 9 ಗಂಟೆ, ಒಟ್ಟು 20 ಗಂಟೆ. ವರ್ಷಕ್ಕೆ 45 ವಾರದಂತೆ ಎರಡು ವರ್ಷಕ್ಕೆ 1,800 ಗಂಟೆ. ದಿನಕ್ಕೆ 8 ಗಂಟೆಯ ಕಚೇರಿ ಲೆಕ್ಕದಲ್ಲಿ ಇದು 225 ದಿನ, ಎಂದರೆ ಹೆಚ್ಚುಕಡಿಮೆ ಒಂದು ವರ್ಷದ ಇಡೀ ನೌಕರಿ. ತಿಂಗಳಿಗೆ 200 ಗಂಟೆ ದುಡಿದು ಲಕ್ಷ ರೂಪಾಯಿ ಪಡೆಯುವವರ ಗಂಟೆಯ ಬೆಲೆ 500 ರೂಪಾಯಿ. ಆ ದರದಲ್ಲಿ ಶುಲ್ಕದ ಮೇಲೆ ಇನ್ನೂ 9 ಲಕ್ಷ ಸೇರಿತು. ಸಾಲದ ಬಡ್ಡಿಗೆ ಆದಾಯ ತೆರಿಗೆಯಲ್ಲಿ ಸಿಗುವ ರಿಯಾಯಿತಿ ಹಳೆಯ ತೆರಿಗೆ ಪದ್ಧತಿಯನ್ನು ಉಳಿಸಿಕೊಂಡವರಿಗೆ ಮಾತ್ರ. ಕಾಲದ ಮೇಲಿನ ವೆಚ್ಚಕ್ಕಂತೂ ಯಾವ ಪದ್ಧತಿಯಲ್ಲಿಯೂ ರಿಯಾಯಿತಿಯಿಲ್ಲ.

ಆ 1,800 ಗಂಟೆ ಬರುವುದಾದರೂ ಎಲ್ಲಿಂದ? ಕಚೇರಿ ಬಿಟ್ಟುಕೊಡದು. ನಿದ್ದೆಯಿಂದ ಸ್ವಲ್ಪ, ಉಳಿದದ್ದೆಲ್ಲ ಮನೆಯಿಂದ. ಗಂಡ ಓದಲು ಹೊರಟರೆ ಶನಿವಾರದ ಮನೆ, ಮಕ್ಕಳು, ವೃದ್ಧ ತಂದೆತಾಯಿಯರ ಆಸ್ಪತ್ರೆ ಭೇಟಿ ಎಲ್ಲವೂ ಹೆಂಡತಿಯ ಹೆಗಲಿಗೆ ಬೀಳುತ್ತದೆ. ಹೆಂಡತಿ ಓದಲು ಹೊರಟರೆ ಅದೇ ಹೊರೆ ಅಷ್ಟೇ ಸಲೀಸಾಗಿ ಗಂಡನ ಹೆಗಲಿಗೆ ವರ್ಗಾವಣೆಯಾಗುವುದನ್ನು ನಾನು ಹೆಚ್ಚಾಗಿ ಕಂಡಿಲ್ಲ. ಸಮರ್ಥರಾದ ಎಷ್ಟೋ ಮಹಿಳೆಯರು ಮಧ್ಯಮ ಹಂತದಲ್ಲಿಯೇ ಉಳಿಯುವುದಕ್ಕೆ ಇದೂ ಒಂದು ಕಾರಣವಿರಬಹುದು. ಅರ್ಜಿ ತುಂಬುವ ಮೊದಲು ಇಬ್ಬರೂ ಕುಳಿತು ಎರಡು ವರ್ಷದ ಕ್ಯಾಲೆಂಡರನ್ನು ಎದುರಿಗಿಟ್ಟುಕೊಂಡು ಮಾತನಾಡುವುದು ಯಾವ ಶೈಕ್ಷಣಿಕ ಸಲಹೆಗಾರನ ಮಾತಿಗಿಂತಲೂ ಹೆಚ್ಚಿನದೆಂದು ನಾನು ತಿಳಿದಿದ್ದೇನೆ.

ಹಣ ಕೊಡುವವರು ಯಾರು ಎಂಬುದೂ ಮುಖ್ಯ. ಎಲ್ಲಿ ಬೇಕಾದರೂ ಉಪಯೋಗಕ್ಕೆ ಬರುವ ವಿದ್ಯೆಗೆ ನೌಕರನೇ ಹಣ ತೆರುತ್ತಾನೆ, ಒಂದೇ ಸಂಸ್ಥೆಗೆ ಉಪಯುಕ್ತವಾದ ತರಬೇತಿಗೆ ಸಂಸ್ಥೆ ಹಣ ಹೂಡುತ್ತದೆ ಎಂದು ಗ್ಯಾರಿ ಬೆಕರ್ ಆರು ದಶಕಗಳ ಹಿಂದೆಯೇ ವಿವರಿಸಿದ್ದರು. ಎಂಬಿಎ ಮೊದಲನೆಯ ಬಗೆಯದು. ಆದ್ದರಿಂದ ಕಂಪನಿ ಶುಲ್ಕ ಭರಿಸಲು ಮುಂದಾದರೆ ಅದರ ಬೆನ್ನಿಗೆ ಇಂತಿಷ್ಟು ವರ್ಷ ಬಿಡುವಂತಿಲ್ಲವೆಂಬ ಮುಚ್ಚಳಿಕೆಯೂ ಬರುತ್ತದೆ. ಇಂಥ ಕರಾರು ನ್ಯಾಯಾಲಯದಲ್ಲಿ ನಿಲ್ಲುವುದಿಲ್ಲವೆಂಬ ನಂಬಿಕೆ ನೌಕರರಲ್ಲಿ ವ್ಯಾಪಕವಾಗಿದೆ. ನಮ್ಮ ಕರಾವಳಿಯಲ್ಲಿ ಹುಟ್ಟಿ 2019ರಲ್ಲಿ ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನಗೊಂಡ ವಿಜಯಾ ಬ್ಯಾಂಕಿನ ಪ್ರಕರಣ ಬೇರೆಯದನ್ನೇ ಹೇಳುತ್ತದೆ. ಮೂರು ವರ್ಷಕ್ಕೆ ಮುನ್ನ ಕೆಲಸ ಬಿಟ್ಟರೆ 2 ಲಕ್ಷ ರೂಪಾಯಿ ಕಟ್ಟಬೇಕೆಂಬ ಅದರ ಷರತ್ತನ್ನು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಎತ್ತಿಹಿಡಿಯಿತು. ಅದು ನೇಮಕಾತಿಯ ಷರತ್ತು, ಶಿಕ್ಷಣದ್ದಲ್ಲ ನಿಜ. ಆದರೆ ಸಹಿ ಹಾಕುವ ಮುನ್ನ ಓದಬೇಕೆಂಬ ಮಾತು ಎರಡಕ್ಕೂ ಸಲ್ಲುತ್ತದೆ.

ಕಂಪನಿ ಹಣ ಕೊಡದಿದ್ದರೂ ಪರವಾಗಿಲ್ಲ, ಓದಿ ಬಂದವರಿಗೆ ಕೆಲಸ ಕೊಡುತ್ತದೆಯೇ ಎಂದು ಕೇಳಬೇಕು. ಸರ್ಕಾರಿ ಸೇವೆಯಲ್ಲಿ ನಾನು ಕಂಡ ವಿಪರ್ಯಾಸವೊಂದನ್ನು ಇಲ್ಲಿ ಹೇಳಬಹುದು. ಸೇವೆಯ ಮಧ್ಯದಲ್ಲಿರುವ ಅಧಿಕಾರಿಗಳಿಗೆಂದು ಬೆಂಗಳೂರಿನ ಐಐಎಂನಲ್ಲಿ 2002ರಲ್ಲಿ ಸಾರ್ವಜನಿಕ ನೀತಿಯ ಸ್ನಾತಕೋತ್ತರ ಕೋರ್ಸು ಆರಂಭವಾಯಿತು. ಇಂಥ ಏರ್ಪಾಡುಗಳು ಸ್ವಾಗತಾರ್ಹವೇ. ಆದರೆ ಹಣಕಾಸಿನಲ್ಲಿ ದೀರ್ಘ ತರಬೇತಿ ಪಡೆದು ಹುಮ್ಮಸ್ಸಿನಿಂದ ಮರಳಿದ ಸಹೋದ್ಯೋಗಿಯೊಬ್ಬರನ್ನು, ಅದಕ್ಕೂ ಇದಕ್ಕೂ ಎತ್ತಣದೆತ್ತಣ ಸಂಬಂಧವೆನ್ನುವಂಥ ಇಲಾಖೆಗೆ ವರ್ಗ ಮಾಡಿದ್ದನ್ನು ನಾನು ಕಂಡಿದ್ದೇನೆ. ಅವರ ಟಿಪ್ಪಣಿ ಪುಸ್ತಕಗಳು ಮೂರು ವರ್ಷ ಕಪಾಟಿನಲ್ಲಿದ್ದವು. ಖಾಸಗಿ ಕಂಪನಿಗಳು ಈ ವಿಷಯದಲ್ಲಿ ಸರ್ಕಾರಕ್ಕಿಂತ ಜಾಣರೆಂದು ನಂಬಲು ನನಗೆ ಆಧಾರ ಸಿಕ್ಕಿಲ್ಲ. ಮೇಲಧಿಕಾರಿಯನ್ನು ಮೊದಲೇ ನೇರವಾಗಿ ಕೇಳುವುದು ಒಳ್ಳೆಯದು: ಈ ಓದಿನ ನಂತರ ನನಗೆ ವಹಿಸಬಹುದಾದ, ಈಗ ವಹಿಸದ ಹೊಣೆ ಯಾವುದು? ಉತ್ತರ ತಡವರಿಸಿದರೆ ಓದನ್ನೇ ಮುಂದೂಡಬಹುದು, ಇಲ್ಲವೇ ಕೆಲಸ ಬದಲಿಸುವ ಉದ್ದೇಶದಿಂದ ಬೇರೆ ಕೋರ್ಸನ್ನೇ ಆರಿಸಬಹುದು.

ಸಂಬಳದ ಅಂಕಿಗಳನ್ನು ಓದುವಾಗಲೂ ಎಚ್ಚರವಿರಬೇಕು. ಕೈಪಿಡಿಯಲ್ಲಿ ದಪ್ಪಕ್ಷರದಲ್ಲಿ ಅಚ್ಚಾಗುವ ಸರಾಸರಿ ಸಂಬಳ ಅದೇ ಸಂಸ್ಥೆಯ ಪೂರ್ಣಾವಧಿ ವಿದ್ಯಾರ್ಥಿಗಳದಾಗಿರಬಹುದು. ವಾರಾಂತ್ಯದವರಿಗೆ ಬಹುತೇಕ ಕಡೆ ಕ್ಯಾಂಪಸ್ ನೇಮಕಾತಿಯೇ ಇರುವುದಿಲ್ಲ. ಕೋರ್ಸು ಮುಗಿಸಿದವರ ಸಂಬಳ ಏರಿತೆಂಬ ಮಾತು ನಿಜವೇ ಆದರೂ, ಹತ್ತು ವರ್ಷ ಅನುಭವವಿರುವ ಚುರುಕು ನೌಕರನ ಸಂಬಳ ಆ ಎರಡು ವರ್ಷಗಳಲ್ಲಿ ಹೇಗೂ ಏರುತ್ತಿತ್ತು. ಪಕ್ಕದ ಮೇಜಿನಲ್ಲಿದ್ದು ಓದಲು ಹೋಗದವನ ಏರಿಕೆಯನ್ನು ಕಳೆದರೆ ಉಳಿಯುವಷ್ಟೇ ಎಂಬಿಎಯ ಪಾಲು. ಆ ಅಂಕಿಯನ್ನು ಯಾವ ಸಂಸ್ಥೆಯೂ ಪ್ರಕಟಿಸಿದ್ದನ್ನು ನಾನು ನೋಡಿಲ್ಲ.

ಹಾಗೆಂದು ಈ ಓದು ವ್ಯರ್ಥವೆಂಬ ನಿಲುವು ನನ್ನದಲ್ಲ. ಕಾರ್ಖಾನೆ, ಆಸ್ಪತ್ರೆ, ಬ್ಯಾಂಕು, ಸಾಫ್ಟ್‌ವೇರ್ ಎಂದು ಬೇರೆ ಬೇರೆ ಕಡೆ ದುಡಿದವರು ಒಂದೇ ಪ್ರಕರಣವನ್ನು ಮುಂದಿಟ್ಟುಕೊಂಡು ಜಗಳವಾಡುವಾಗ ಹುಟ್ಟುವ ತಿಳಿವಳಿಕೆ ಪುಸ್ತಕದಲ್ಲಿ ಸಿಗದು. ಆದ್ದರಿಂದಲೇ ಪಕ್ಕದಲ್ಲಿ ಕೂರುವವರು ಯಾರು, ಅವರ ಅನುಭವವೆಷ್ಟು, ಪಾಠ ಹೇಳುವವರು ಸಂಸ್ಥೆಯ ಕಾಯಂ ಪ್ರಾಧ್ಯಾಪಕರೋ ಗಂಟೆ ಲೆಕ್ಕದಲ್ಲಿ ಬಂದುಹೋಗುವವರೋ ಎಂಬುದನ್ನು ತಿಳಿಯಬೇಕು. ಒಂದು ಶನಿವಾರ ತರಗತಿಯ ಹಿಂದಿನ ಸಾಲಿನಲ್ಲಿ ಕೂರಲು ಅನುಮತಿ ಕೇಳಿ. ಆತ್ಮವಿಶ್ವಾಸವುಳ್ಳ ಸಂಸ್ಥೆ ಒಪ್ಪುತ್ತದೆ. ಮಧ್ಯಾಹ್ನದ ಚಹಾ ವೇಳೆಯಲ್ಲಿ ವಿದ್ಯಾರ್ಥಿಗಳೊಡನೆ ಹತ್ತು ನಿಮಿಷ ಮಾತನಾಡಿದರೆ ಕೈಪಿಡಿ ಹೇಳದ ಬಹಳಷ್ಟು ಸಂಗತಿ ತಿಳಿಯುತ್ತದೆ.

ರಾಜ್ಯದ ಉನ್ನತ ಶಿಕ್ಷಣ ಪರಿಷತ್ತು ಇಲ್ಲಿ ಸಣ್ಣದೊಂದು ಕೆಲಸ ಮಾಡಬಹುದು. ಕರ್ನಾಟಕದಲ್ಲಿ ಉದ್ಯೋಗಸ್ಥರಿಗಾಗಿ ನಡೆಯುವ ಎಲ್ಲ ಎಂಬಿಎ ಕೋರ್ಸುಗಳಿಂದ ಪ್ರತಿವರ್ಷ ಮೂರು ಅಂಕಿಗಳನ್ನು ಪಡೆದು ಕನ್ನಡದಲ್ಲಿ ಪ್ರಕಟಿಸಲಿ: ಸೇರಿದವರೆಷ್ಟು, ಅವಧಿಯೊಳಗೆ ಮುಗಿಸಿದವರೆಷ್ಟು, ಬೋಧಿಸಿದವರಲ್ಲಿ ಕಾಯಂ ಅಧ್ಯಾಪಕರೆಷ್ಟು. ಈ ಲೆಕ್ಕವೆಲ್ಲ ಸಂಸ್ಥೆಗಳ ದಾಖಲೆಗಳಲ್ಲಿ ಈಗಾಗಲೇ ಇದೆ. ಕೇಳುವ ಒಂದು ಸುತ್ತೋಲೆಯಷ್ಟೇ ಹೊರಡಬೇಕು.