ನೀರು 'ಶುದ್ಧ'ವಾಯಿತೆ?

ಕಡಲಿಗೆ ತೈಲ ಸೋರಿದಾಗ, ಮೇಲಣ ಜಿಡ್ಡು ಮರೆಯಾದೊಡನೆ "ನೀರು ಶುದ್ಧವಾಯಿತು" ಎಂದು ಸಾರಿಬಿಡುವುದು ಅಧಿಕಾರಸ್ಥರ ವಾಡಿಕೆ. ನಾನು ರಸಾಯನಶಾಸ್ತ್ರಜ್ಞನಲ್ಲ, ಕನ್ನಡದ ಮೇಷ್ಟ್ರು. ಆದರೆ 'ಶುದ್ಧ' ಎಂಬ ಮಾತಿನ ಅರ್ಥ ಕೇಳುವ ಹಕ್ಕು ನನಗುಂಟು.

1989ರ ಮಾರ್ಚ್ 24ರಂದು ಅಲಾಸ್ಕದ ಕರಾವಳಿಯಲ್ಲಿ 'ಎಕ್ಸಾನ್ ವಾಲ್ಡೀಜ್' ಹಡಗು ಬಂಡೆಗೆ ಬಡಿದು ಸುಮಾರು 37,000 ಟನ್ ಕಚ್ಚಾ ತೈಲ ಚೆಲ್ಲಿತು. 2001ರಲ್ಲಿ ವಿಜ್ಞಾನಿಗಳು ಆ ತೀರವನ್ನು ಅಗೆದರೆ, ಕಲ್ಲುಗಳಡಿಯಲ್ಲಿ ತೈಲ ಇನ್ನೂ ಉಳಿದಿತ್ತು! ಅದರ ವಿಷ ನೂರು ಕೋಟಿ ಪಾಲು ನೀರಿನಲ್ಲಿ ಕೆಲವೇ ಪಾಲಿದ್ದರೂ ಮೊಟ್ಟೆಯೊಳಗಿನ ಮೀನಿನ ಹೃದಯವನ್ನು ಕೆಡಿಸಬಲ್ಲುದು. ಅದು ಕಣ್ಣಿಗೆ ಕಾಣದು, ಉಪಗ್ರಹಕ್ಕೂ ಕಾಣದು.

ಆದ್ದರಿಂದ, ಮಹನೀಯರೇ, ಸಾಕ್ಷಿ ಬೇಕಾದರೆ ಮೀನಿನ ಮೊಟ್ಟೆಯನ್ನು ಕೇಳಿರಿ, ವರ್ಷಾನುವರ್ಷ ಕೇಳಿರಿ. ಅಲ್ಲಿಯವರೆಗೆ ನಿಮ್ಮ 'ಶುದ್ಧ'ವು ಅಪಶಬ್ದವೇ ಸರಿ.