ಕೂಸಿನ ಬೆಳವಣಿಗೆಗೆ ಯಾರ ಅಳತೆಗೋಲು?

ಹುಮನಾಬಾದಿನಿಂದ ಬಸವಕಲ್ಯಾಣದವರೆಗಿನ ಸೀಮೆಯ ಅಂಗನವಾಡಿಗಳಲ್ಲಿ ಕನ್ನಡ, ಮರಾಠಿ, ದಖನಿ ಉರ್ದು, ತಾಂಡಾಗಳ ಲಂಬಾಣಿ ಒಂದೇ ಚಾಪೆಯ ಮೇಲೆ ಕುಳಿತ ಮಕ್ಕಳ ಬಾಯಲ್ಲಿ ಕೇಳಿಬರುವುವು. 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದು 1956ರಲ್ಲಿ ಮೈಸೂರು ರಾಜ್ಯವನ್ನು ಸೇರಿದ ಗಡಿನಾಡಿಗೆ ಇದು ಸಹಜವೇ ಸರಿ. ಇಂಥ ಮಕ್ಕಳ ಮುಂದೆ, ಬೆಳವಣಿಗೆ ಕುಂಠಿತವಾಗಿದೆಯೋ ಎಂಬುದನ್ನು ಸಕಾಲದಲ್ಲಿ ಅರಿಯುವ ಸಲುವಾಗಿ ಪ್ರಶ್ನಾವಳಿಯೊಂದನ್ನು ಹಿಡಿದು ಕೂರುವವರು, ಆ ಪ್ರಶ್ನೆಗಳು ಯಾವ ಮನೆಯನ್ನು ಕಂಡು ಹುಟ್ಟಿದವು ಎಂಬುದನ್ನು ಮೊದಲು ವಿಚಾರಿಸತಕ್ಕದ್ದು.

ಅಮೆರಿಕದ ಡೆನ್ವರಿನಲ್ಲಿ 1967ರಲ್ಲಿ ರೂಪುಗೊಂಡು 1992ರಲ್ಲಿ ಪರಿಷ್ಕೃತವಾದ ಪ್ರಸಿದ್ಧ ಪರೀಕ್ಷೆಯು, ಮಗು ಚಮಚ ಇಲ್ಲವೆ ಫೋರ್ಕನ್ನು ಬಳಸುವುದೇ, ತನ್ನ ಸೀರಿಯಲ್ಲನ್ನು ತಾನೇ ಸಿದ್ಧಪಡಿಸಿಕೊಳ್ಳುವುದೇ ಎಂದು ಕೇಳುತ್ತದೆ. ಜೋಳದ ರೊಟ್ಟಿಯ ಅಂಚನ್ನು ಮುರಿದು, ಆ ತುಂಡನ್ನು ಬೆರಳತುದಿಯಲ್ಲೇ ದೊನ್ನೆಯಂತೆ ಮಡಚಿ, ಅದರಲ್ಲಿ ಬೇಳೆಯನ್ನು ತುಂಬಿ, ಅಂಗಿಯ ಮೇಲೆ ಚೆಲ್ಲದಂತೆ ಬಾಯಿಗೊಯ್ಯುವ ಈ ಕಡೆಯ ಮಗುವಿನ ಕೈಯಲ್ಲಿ ಚಮಚ ಹಿಡಿದ ಕೈಗಿಂತ ಕಡಮೆ ನೈಪುಣ್ಯವಿದೆಯೆಂದು ಯಾರು ಹೇಳಬಲ್ಲರು? ಆದರೂ ಆ ಕಾಗದದ ಮೇಲೆ ಅದಕ್ಕೆ ಸೊನ್ನೆಯೇ ಗತಿ.

ಬರೋಡೆಯಲ್ಲಿ ಪ್ರಮೀಳಾ ಫಾಟಕ್ ಅವರು ಭಾರತೀಯ ಶಿಶುಗಳನ್ನೇ ಪರೀಕ್ಷಿಸಿ ಮಾನಕಗಳನ್ನು ಸಿದ್ಧಪಡಿಸಿದರು. ಅವುಗಳ ಆಧಾರದ ಮೇಲೆ ಹದಿನೇಳು ಅಂಶಗಳನ್ನು ಆಯ್ದು, ಎರಡು ವರ್ಷದೊಳಗಿನ ಮಕ್ಕಳಿಗಾಗಿ ತಿರುವನಂತಪುರದ ತಜ್ಞರು 1991ರಲ್ಲಿ ಪ್ರಕಟಿಸಿದ ಪಟ್ಟಿಯನ್ನು ಸಾಮಾನ್ಯ ಕಾರ್ಯಕರ್ತೆಯೂ ಕೆಲವೇ ನಿಮಿಷಗಳಲ್ಲಿ ತುಂಬಬಹುದು. ಉಪಕಾರದ ಕೆಲಸ. ಅದರಲ್ಲಿಯೂ ಗೊಂಬೆಯ ಅಂಗಗಳನ್ನು ತೋರಿಸುವುದು, ಆಸರೆಯಿಂದ ಮೆಟ್ಟಲೇರುವುದು ಉಂಟು. ಗೊಂಬೆಯಿಲ್ಲದ ಮನೆಯ ಕೂಸು ಅಜ್ಜಿಯ ಮೂಗು ಕಿವಿಗಳನ್ನು ಮುಟ್ಟಿ ತೋರಿಸಿದರೆ ಸಾಲದೆ? ಮೆಟ್ಟಲಿಲ್ಲದ ಮನೆಯಲ್ಲಿಯೂ ಹೊಸ್ತಿಲುಂಟು. ಕೂಸು ಅದನ್ನು ದಾಟಿದ ದಿನ ಸಿಹಿ ಮಾಡಿ ಹಂಚುವ ನಮ್ಮ ತಾಯಂದಿರಿಗೆ ಬೆಳವಣಿಗೆಯ ಹಂತಗಳನ್ನು ಲಕ್ಷ್ಯವಿಟ್ಟು ನೋಡುವುದನ್ನು ಯಾರೂ ಕಲಿಸಬೇಕಿಲ್ಲ. ಆದರೆ ಹೊಸ್ತಿಲು ದಾಟುವ ವಯಸ್ಸೂ ಮೆಟ್ಟಲೇರುವ ವಯಸ್ಸೂ ಒಂದೇ ಅಲ್ಲವಾದುದರಿಂದ, ಪ್ರಶ್ನೆಯನ್ನು ಬದಲಿಸಿದೊಡನೆ ಅದರ ವಯೋಮಿತಿಯನ್ನೂ ಇಲ್ಲಿಯ ಅನೇಕ ಮಕ್ಕಳನ್ನು ನೋಡಿ ಹೊಸದಾಗಿ ನಿಶ್ಚಯಿಸಬೇಕಾಗುವುದು.

ಆ ಮಕ್ಕಳು ಯಾರು? ನನಗೆ ಅತ್ಯಂತ ಗಹನವಾಗಿ ತೋರುವ ಪ್ರಶ್ನೆ ಇದೇ. ಅರೆಹೊಟ್ಟೆಯ, ರಕ್ತಹೀನತೆಯಿಂದ ಸೊರಗಿದ ಮಕ್ಕಳ ಸರಾಸರಿಯನ್ನೇ ಸ್ಥಳೀಯ ಮಾನಕವೆಂದು ಅಂಗೀಕರಿಸಿದರೆ, ಸಂಸ್ಕೃತಿಯನ್ನು ಗೌರವಿಸುವ ಹೆಸರಿನಲ್ಲಿ ಹಸಿವಿಗೇ ಮುದ್ರೆಯೊತ್ತಿದಂತಾಗುವುದು. ವಿಶ್ವ ಆರೋಗ್ಯ ಸಂಸ್ಥೆಯು 2006ರಲ್ಲಿ ಭಾರತವೂ ಸೇರಿದಂತೆ ಐದು ದೇಶಗಳ ಸುಪೋಷಿತ ಶಿಶುಗಳನ್ನು ನೋಡಿ, ಸ್ವತಂತ್ರವಾಗಿ ನಡೆಯುವುದಕ್ಕೆ 8.2ರಿಂದ 17.6 ತಿಂಗಳುಗಳ ವಿಶಾಲ ಅವಧಿಯನ್ನು ಹೇಳಿತು. ಅಂಬೆಗಾಲಿಡದೆಯೇ ಮುಂದಿನ ಹಂತಕ್ಕೆ ಹೋದವರು ಶೇಕಡಾ 4.3 ಇದ್ದರು. ಚೆನ್ನಾಗಿ ಉಂಡ ಮಕ್ಕಳಿಂದಲೇ ಮಾನಕವನ್ನು ಪಡೆಯುವ ಆ ವಿವೇಕ ನಮಗೂ ಬೇಕು.

ಮಾತಿನ ವಿಷಯದಲ್ಲಿ ಎಚ್ಚರ ಇನ್ನೂ ಹೆಚ್ಚು ಬೇಕು. ತಿರುವನಂತಪುರದ ಪಟ್ಟಿಯಂತೆ ಎರಡು ಶಬ್ದಗಳನ್ನು ಆಡುವುದೇ ಎಂದು ಕೇಳುವಾಗ, ತಾಂಡಾದ ಕೂಸು ಲಂಬಾಣಿಯಲ್ಲಿ ಒಂದನ್ನೂ ಕನ್ನಡದಲ್ಲಿ ಒಂದನ್ನೂ ಆಡಿದರೆ ಎರಡನ್ನೂ ಎಣಿಸಬೇಕು. ಇದಕ್ಕೆ ಪ್ರತಿಯಾಗಿ, ಎರಡು ವರ್ಷವಾದರೂ ಮಾತು ಬಾರದ ಕೂಸನ್ನು ಕುರಿತು, ಮನೆಯಲ್ಲಿ ನಾಲ್ಕು ಭಾಷೆ, ಅದಕ್ಕೇ ತಡ, "ತಾನೇ ಬರ್ತದ ಬಿಡ್ರಿ" ಎಂದು ಸಮಾಧಾನ ಹೇಳಿ ಕಳಿಸುವುದು ಸಲ್ಲದು. ಬಹುಭಾಷೆಯ ಮನೆ ಮಗುವನ್ನು ಮೂಕವಾಗಿಸುವುದಿಲ್ಲ. 2013ರಿಂದ ನಡೆದಿರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡವು ಅಂಗನವಾಡಿಗೆ ಬಂದಾಗ, ಅಂಥ ಕೂಸನ್ನು ಮೊಟ್ಟಮೊದಲು ಮುಂದೆ ಕೂರಿಸಿ, ಅದಕ್ಕೆ ಕಿವಿ ಕೇಳಿಸುವುದೋ ಇಲ್ಲವೋ ಎಂಬುದರ ಪರೀಕ್ಷೆಗೆ ಕಳಿಸಲೇಬೇಕು.